ಇದು ನಿನ್ನಿ ದರ ಅದರಿ

ಆಪಾನ ಎಡಗೈ ಹೆಬ್ಬೆರಳಿನ ಉಗುರು ವರ್ಷದ ಬಹುಪಾಲು ಅರ್ಧ ಕೆಂಪು, ಅರ್ಧ ಬಿಳಿ ಇರುತ್ತಿತ್ತು. ರಂಜಾನಿಗೊಮ್ಮೆ, ಬಕ್ರೀದಿಗೊಮ್ಮೆ ಮೆಹಂದಿ ಹಚ್ಚಿಕೊಳ್ಳುವವರು. ನಡುವೆ ಯಾರ ಮದುವೆ ಬಂದರೂ ಕೈ ಮುಂದೆ ಮಾಡುತ್ತಿರಲಿಲ್ಲ. ಅಂಗೈಯ ಬಣ್ಣ ವಾರದಲ್ಲಿ ಹೋಗುತ್ತದೆ. ಉಗುರಿನದು ಹೋಗುವುದಿಲ್ಲ, ಉಗುರಿನ ಜೊತೆಗೇ ನಿಧಾನವಾಗಿ ಮೇಲೆ ಸರಿಯುತ್ತದೆ. ಬುಡದಿಂದ ಬಿಳಿ ಏರುತ್ತಾ ಏರುತ್ತಾ, ತುದಿಯಲ್ಲಿ ಒಂದು ಕೆಂಪು ಗೀರಷ್ಟೇ ಉಳಿಯುವ ಹೊತ್ತಿಗೆ ನಮ್ಮ ಕಡೆ ತೊಗರಿ ರಾಶಿ ಶುರು. ಆಗ ಆ ಬೆರಳನ್ನು ನಮ್ಮೆಲ್ಲರ ಮುಖದ ಮುಂದೆ ಹಿಡಿದು, "ನೋಡ್ರಿ ಬೇ, ಮೆಹಂದಿ ಮುಗಿಯಾಕ ಬಂತು. ಗಂಜ್‌ಗೆ ಮಾಲು ಬರ್ತದ. ಇನ್ನ ಯಾರೂ ಹೊಸಾ ಕೋಡ್ ಹಾಕಂಗಿಲ್ಲ," ಅನ್ನುತ್ತಿದ್ದರು. ಬೇರೆ ಕಂಪನಿಗಳಲ್ಲಿ ಇಂಥದ್ದಕ್ಕೆ ಮೀಟಿಂಗ್ ಮೇಲೆ ಮೀಟಿಂಗ್ ಕೂಡುತ್ತಾರಂತೆ. ನಮಗೆ ಒಂದು ಹೆಬ್ಬೆರಳು ಸಾಕಿತ್ತು.

ಆಪಾ ಅಂದರೆ ಅಕ್ಕ. ಅವರನ್ನು ಹೆಸರಿಟ್ಟು ಕರೆದವರನ್ನು ನಾನಂತೂ ನೋಡಿಲ್ಲ. ಕೆಳಗಿನ ದಾಲ್ ಮಿಲ್ಲಿನ ಹಮಾಲರಿಗೂ ಆಪಾ, ಹೈದರಾಬಾದಿನ ಹೆಡ್ ಆಫೀಸಿನ ಸಾಹೇಬರಿಗೂ ಆಪಾ. ಹುಟ್ಟಿದ್ದು ಆಳಂದದಲ್ಲಿ, ದರ್ಗಾದ ಹಿಂದಿನ ಓಣಿ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದಿ, ಹೈದರಾಬಾದಿನಲ್ಲಿ ಬಹಳ ವರ್ಷ ದುಡಿದು, ಊರಿಗೆ ಹೊಳ್ಳಿ ಬಂದವರು. ಬರೀ ಕೈಲೆ ಬರಲಿಲ್ಲ, ಕೆಲಸವನ್ನೂ ಹೊತ್ತುಕೊಂಡು ಬಂದರು. ಕಂಪನಿಯವರ ಜೊತೆ ಗುದ್ದಾಡಿ ಆಳಂದದಲ್ಲೇ ಒಂದು ಆಫೀಸು ತೆಗೆಸಿದರು. ಅದು ನಮ್ಮಂಥವರಿಗಾಗಿ. ನಾನು ಅಫಜಲಪುರ ತಾಲೂಕಿನಾಕೆ, ಚೌಡಾಪುರದ ಹತ್ತಿರ ತವರುಮನೆ, ಕೊಟ್ಟದ್ದು ಆಳಂದಕ್ಕೆ. ಕಂಪ್ಯೂಟರ್ ಇಂಜಿನಿಯರಿಂಗ್ ಪಾಸಾಗಿ ಅತ್ತೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೂತಿದ್ದೆ. ಉಳಿದವರದೂ ಹೆಚ್ಚುಕಡಿಮೆ ಇದೇ ಕಥೆ. "ಊರು ಬಿಡಾಕ ಆಗದ ಹೆಣ್ಮಕ್ಕಳು ಬುದ್ಧಿನೂ ಬಿಟ್ಟಾರೇನು?" ಅಂತ ಆಪಾ ಸಾಹೇಬರನ್ನು ಕೇಳಿದ್ದರಂತೆ. ಈ ಆಫೀಸು ಆಳಂದದಲ್ಲಿ ಉಳಿಯಬೇಕು, ಅಷ್ಟೇ ಅವರ ಆಸೆ. ಬಂಗಾರ ಬೇಡಲಿಲ್ಲ, ಬಂಗಲೆ ಬೇಡಲಿಲ್ಲ. ಅದೊಂದೇ ಬೇಡಿದರು, ಅದೊಂದೇ ಆಗಲಿಲ್ಲ.

ನಮ್ಮ ಕೆಲಸ ತೊಗರಿಯದು. ಗಂಜ್ ಅಂದರೆ ನಮ್ಮ ಕಡೆ ಕಾಳುಕಡಿಯ ಮಾರುಕಟ್ಟೆ. ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರದ ಎಷ್ಟೋ ಗಂಜುಗಳಲ್ಲಿ ಬಂದ ಮಾಲಿನ ತೂಕ ಬರೆದುಕೊಳ್ಳುವುದು, ಆವತ್ತಿನ ದರ ತೋರಿಸುವುದು, ಲಾರಿ ಗೊತ್ತುಮಾಡುವುದು, ರೈತರ ಖಾತೆಗೆ ರೊಕ್ಕ ಹಾಕಿಸುವುದು, ಅವರ ಫೋನಿಗೆ ಸುದ್ದಿ ಕಳಿಸುವುದು, ಇಷ್ಟೂ ಮಾಡುವ ಸಾಫ್ಟ್‌ವೇರು. ಅದು ಓಡುವುದು ಕ್ಲೌಡಿನಲ್ಲಿ, ಅಂದರೆ ಮುಂಬೈ ಕಡೆ ಎಲ್ಲೋ ಇರುವ ಬಾಡಿಗೆ ಕಂಪ್ಯೂಟರುಗಳಲ್ಲಿ. ಮುಂಜಾನೆ ಹರಾಜಿನ ಹೊತ್ತಿಗೆ ಹೆಚ್ಚು ಕಂಪ್ಯೂಟರು ತಾವೇ ಕೆಲಸಕ್ಕೆ ನಿಲ್ಲಬೇಕು, ಹೊತ್ತು ಇಳಿದ ಮೇಲೆ ತಾವೇ ಕಡಿಮೆಯಾಗಬೇಕು. ನಾವು ಮಿಲ್ಲಿನ ಮೇಲಿನ ಹಾಲಿನಲ್ಲಿ ಕೂತು ಇದನ್ನೆಲ್ಲ ಕಟ್ಟುತ್ತಿದ್ದೆವು, ಕಾಯುತ್ತಿದ್ದೆವು. ಕೆಳಗೆ ಬೇಳೆ ಒಡೆಯುವ ಸದ್ದು, ಮೇಲೆ ಕೀಬೋರ್ಡಿನ ತುಂಬಾ ತೊಗರಿ ಹೊಟ್ಟಿನ ಧೂಳು.

ಹಾಲ್ ಬಾಡಿಗೆಗೆ ಕೇಳಲು ಹೋದಾಗ ಮಿಲ್ಲಿನ ಸಾವಕಾರರು ಗಾಬರಿಯಾಗಿದ್ದರು.

"ಮ್ಯಾಲ ಎಂಥಾ ಯಂತ್ರ ಹಾಕ್ತೀರಿ? ಸ್ಲ್ಯಾಬ್ ತಡೀತದೋ ಇಲ್ಲೋ."

"ಯಂತ್ರ ಇಲ್ಲಿ ಇರಂಗಿಲ್ರಿ ಸಾವ್ಕಾರ್ರ. ಅವು ಮುಂಬೈದಾಗ ಅವ," ಅಂದರು ಆಪಾ.

"ಯಂತ್ರ ಮುಂಬೈದಾಗ. ನಿಮ್ಮ ಸಾಹೇಬ್ರು ಹೈದರಾಬಾದಿನ್ಯಾಗ. ಮತ್ತ ನೀವು ಇಲ್ಲಿ ಯಾಕ್ರಿ?"

"ತೊಗರಿ ಇಲ್ಲಿ ಅದ ಅಲ್ರಿ," ಅಂದುಬಿಟ್ಟರು ಆಪಾ. ಸಾವಕಾರರು ನಕ್ಕು ಕೀಲಿ ಕೊಟ್ಟರು. ನಾವೂ ನಕ್ಕೆವು. ಅದು ನಗುವ ಪ್ರಶ್ನೆಯಾಗಿರಲಿಲ್ಲ ಅಂತ ಆವತ್ತು ನಮಗೆ ತಿಳಿಯಲಿಲ್ಲ.

ಮೊದಲ ಸುಗ್ಗಿಯಲ್ಲಿ ಎಲ್ಲವೂ ಸೇರಿ ಒಂದೇ ದೊಡ್ಡ ಪ್ರೋಗ್ರಾಮು. ಹೈದರಾಬಾದಿನವರು ಬರೆದದ್ದು. ಆಪಾ ಅದಕ್ಕೆ "ದೊಡ್ಡಮನಿ" ಅಂತ ಹೆಸರಿಟ್ಟಿದ್ದರು. ಒಂದು ಮುಂಜಾನೆ ಫೋನಿಗೆ ಸುದ್ದಿ ಕಳಿಸುವ ಭಾಗ ಎಲ್ಲೋ ಸಿಕ್ಕಿಹಾಕಿಕೊಂಡಿತು ನೋಡಿ, ಅದರ ಹಿಂದೆ ದರ ನಿಂತಿತು, ದರದ ಹಿಂದೆ ತೂಕ ನಿಂತಿತು, ಎಲ್ಲ ಗಂಜುಗಳೂ ನಿಂತವು. ಚೀಲ ಹೇರಿದ ಗಾಡಿಗಳು ರಸ್ತೆಯವರೆಗೆ. ಫೋನಿನಲ್ಲಿ ನಮ್ಮನ್ನು ಬೈದವರ ಬೈಗುಳ ಮೂರು ಭಾಷೆಯಲ್ಲಿ ಇದ್ದವು. ಎಲ್ಲವೂ ಅರ್ಥವಾಗುತ್ತಿದ್ದವು, ಅದೇ ಸಂಕಟ. ಸಂಜೆ ಆಪಾ ಕುರ್ಚಿ ಎಳೆದುಕೊಂಡು ಕೂತರು.

"ಒಂದು ಸೊಸಿಗೆ ನೆಗಡಿ ಬಂದ್ರ ಮನಿಮಂದಿ ಎಲ್ಲಾ ಉಪವಾಸ. ಇದೆಂಥಾ ಮನಿ ಬೇ? ನಕ್ಕೋ, ಬ್ಯಾಡ ಇದು. ವಾಟಣಿ ಮಾಡೋಣ."

ವಾಟಣಿ ಅಂದರೆ ಪಾಲು. ಮನೆ ಒಡೆಯುವ ಮಾತು. ನಮ್ಮ ಜೊತೆ ಜೇವರ್ಗಿಯವನೊಬ್ಬ ಇದ್ದ. ಆಳಂದದಲ್ಲಿ ರೂಮು ಮಾಡಿಕೊಂಡು, ಶನಿವಾರ ಊರಿಗೆ ಹೋಗಿ ಬರುವವನು. ಹೆಂಗಸರ ನಡುವೆ ಒಬ್ಬನೇ ಗಂಡಸು, ಬಾಯಿ ಮಾತ್ರ ನಾಲ್ಕು ಮಂದಿಯದು. ಅವನು ತಟ್ಟನೆ, "ಆಪಾ, ನಮ್ಮ ಮನ್ಯಾಗ ವಾಟಣಿ ಆದಾಗ ಬಡಿಗಿ ಎತ್ಯಾರ್ರಿ," ಅಂದ.

"ಲೇ ತಮ್ಮಾ, ಬಡಿಗಿ ಎತ್ತಬಾರ್ದಂತಲೇ ಮೊದಲೇ ಮಾತಾಡಿಕೊಳ್ಳೂದು," ಅಂದರು ಆಪಾ. "ತೂಕದ್ದೊಂದು ಮನಿ, ದರದ್ದೊಂದು ಮನಿ, ರೊಕ್ಕದ್ದೊಂದು, ಸುದ್ದಿದೊಂದು. ಎಲ್ಲಾರ ಒಲಿ ಬ್ಯಾರೆ, ಎಲ್ಲಾರ ಹಗೇವು ಬ್ಯಾರೆ. ಒಬ್ಬರ ಹಗೇವಿನ್ಯಾಗ ಇನ್ನೊಬ್ಬರು ಇಳಿಯಂಗಿಲ್ಲ. ಏನರ ಬೇಕಾದ್ರ ಬಾಗಲದಾಗ ನಿಂತು ಕೇಳ್ರಿ, ಇದ್ದವರು ಕೊಡ್ತಾರ."

ಪುಸ್ತಕದಲ್ಲಿ ಇದಕ್ಕೆ ಮೈಕ್ರೋಸರ್ವಿಸ್ ಅನ್ನುತ್ತಾರೆ. ನಾನು ಆ ಪುಸ್ತಕ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ಆದರೆ ಹಗೇವಿನ ಮಾತು ಕೇಳಿದ ಮೇಲೆಯೇ ಒಂದು ಸರ್ವಿಸಿನ ಡೇಟಾಬೇಸಿಗೆ ಇನ್ನೊಂದು ಯಾಕೆ ಕೈ ಹಾಕಬಾರದು ಅನ್ನುವುದು ತಲೆಗೆ ಹೋದದ್ದು. ನೆಲದೊಳಗಿನ ಕಾಳಿನ ಹಗೇವಿಗೆ ಹೇಳದೆ ಕೇಳದೆ ಇಳಿದವರು ಉಸಿರುಗಟ್ಟಿ ಸತ್ತ ಕಥೆ ನಮ್ಮ ತವರಿನಲ್ಲಿ ಮಕ್ಕಳಿಗೂ ಗೊತ್ತು.

ಒಂದು ಬೇಸಿಗೆ, ಒಂದು ಮಳೆಗಾಲ ಹಿಡಿಯಿತು ಪಾಲು ಮಾಡಲು. ಮುಗಿದ ಮೇಲೆ ನಾವೆಲ್ಲ ಮೀಸೆಯಿಲ್ಲದಿದ್ದರೂ ಮೀಸೆ ತಿರುವಿದೆವು. ಆಮೇಲೆ ಬಂತು ನೋಡಿ ನನ್ನ ಸರದಿ. ತೂಕದ ಸರ್ವಿಸು ನಾನು ಬರೆದದ್ದು. ಅದು ದರದ ಸರ್ವಿಸನ್ನು, "ಇವತ್ತಿನ ದರ ಏನು?" ಅಂತ ಕೇಳಬೇಕು. ಉತ್ತರ ಬರದಿದ್ದರೆ? ಮತ್ತೆ ಕೇಳಬೇಕು. ಆಗಲೂ ಬರದಿದ್ದರೆ? ಮತ್ತೆ. ನನಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ನಮ್ಮ ಕಡೆ ಒಂದು ಸಲ ಕೇಳಿ ಬಿಟ್ಟರೆ ಕೇಳಿದಂತೆಯೇ ಅಲ್ಲ. ಊಟಕ್ಕೆ ಕರೆದರೆ ಬಂದವರು "ಒಲ್ಲೆ" ಅನ್ನಬೇಕು, ನಾವು "ಬರ್ರಿ, ಏಳ್ರಿ" ಅಂತ ಮೇಲಿಂದ ಮೇಲೆ ಕರೆಯಬೇಕು, ರಟ್ಟೆ ಹಿಡಿದು ಎಬ್ಬಿಸಬೇಕು. ಒಂದೇ ಸಲಕ್ಕೆ ಸುಮ್ಮನಾದರೆ, "ಬಾಯಿಮಾತಿಗೆ ಕರದ್ರು," ಅಂತ ಊರೆಲ್ಲ ಹೇಳಿಕೊಂಡು ಬರುತ್ತಾರೆ. ನಾನೊಬ್ಬಳೇ ಅಲ್ಲ, ಎಲ್ಲರೂ ತಮ್ಮ ತಮ್ಮ ಸರ್ವಿಸಿಗೆ ಇದೇ ಉಪಚಾರ ಕಲಿಸಿದ್ದರು.

ಹರಾಜಿನ ಹೊತ್ತು. ದರದ ಸರ್ವಿಸು ಸ್ವಲ್ಪ ದಣಿದು ನಿಧಾನವಾಯಿತು, ಅಷ್ಟೇ. ಬಿದ್ದಿರಲಿಲ್ಲ. ಉತ್ತರ ತಡವಾಯಿತೋ ಇಲ್ಲವೋ, ತೂಕ ಮತ್ತೆ ಕೇಳಿತು, ಲಾರಿ ಮತ್ತೆ ಕೇಳಿತು, ರೊಕ್ಕ ಮತ್ತೆ ಕೇಳಿತು. ಒಂದೊಂದು ಕೇಳಿಕೆಯ ಹಿಂದೆ ಇನ್ನಷ್ಟು ಕೇಳಿಕೆ. ಸ್ಕ್ರೀನಿನ ಮೇಲಿನ ಗೆರೆ ಗೋಡೆಯ ಹಾಗೆ ನೆಟ್ಟಗೆ ಎದ್ದಿತು. ದಣಿದಿದ್ದದ್ದು ಕುಸಿದೇ ಬಿತ್ತು. ಎಬ್ಬಿಸಿದರೆ ಏಳುತ್ತದೆ, ಎದ್ದ ಕೂಡಲೇ ಎಲ್ಲರೂ ಮೈಮೇಲೆ ಬಿದ್ದು ಕೇಳುತ್ತಾರೆ, ಮತ್ತೆ ಬೀಳುತ್ತದೆ. ನನಗೆ ಅಳುವೇ ಬಂತು. ಆಪಾ ಬೈಯಲಿಲ್ಲ. ಎಲ್ಲರ ಬಾಯಿ ಮುಚ್ಚಿಸಿ, ಅಂದರೆ ಒಂದೊಂದೇ ಸರ್ವಿಸನ್ನು ತಡೆದು ನಿಲ್ಲಿಸಿ, ದರವನ್ನು ಎಬ್ಬಿಸಿ ಕೂಡಿಸಿದರು. ಸಂಜೆ ನನಗೆ, "ಬಾ ತಂಗಿ, ನಮ್ಮ ಓಣಿಗೆ ಹೋಗಿಬರೋಣ," ಅಂದರು.

ಅವರ ಓಣಿಯಲ್ಲಿ ಬಳೆ ಮಾರುವವರ ಮನೆಯಲ್ಲಿ ಅಜ್ಜ ತೀರಿಕೊಂಡಿದ್ದ. ಆಪಾ ತಮ್ಮ ಮನೆಯಿಂದ ಖಿಚಡಿಯ ಪಾತ್ರೆಗೆ ಬಟ್ಟೆ ಕಟ್ಟಿಸಿಕೊಂಡು ಬಂದರು. ಪಾತ್ರೆಯ ಒಂದು ಕಿವಿ ನಾನು ಹಿಡಿದೆ, ಒಂದು ಅವರು. ಆ ಮನೆಯ ಒಲೆ ತಣ್ಣಗಿತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರು ತಂದುಕೊಡುತ್ತಾರೆ. ಅವರಲ್ಲೂ ಹಾಗೇ, ನಮ್ಮಲ್ಲೂ ಹಾಗೇ. ಪಾತ್ರೆ ಇಟ್ಟು, ಸ್ವಲ್ಪ ಹೊತ್ತು ಕೂತು, ಹೊರಗೆ ಬಂದೆವು. ಓಣಿಯ ತಿರುವಿನಲ್ಲಿ ಆಪಾ ನಿಂತರು.

"ಈಗ ಹೇಳು. ಆ ಮನಿಗೆ ಹೋಗಿ, ಜರಾ ಉಪ್ಪು ಕೊಡ್ರಿ, ಎಣ್ಣಿ ಕೊಡ್ರಿ ಅಂತ ಬಾಗಲಾ ಬಡದಿಯೇನು?"

"ಇಲ್ಲರಿ ಆಪಾ."

"ಯಾಕ?"

"ಹಂಗ ಕೇಳ್ತಾರೇನ್ರಿ? ಅವರ ಒಲಿನೇ ಹಚ್ಚಿಲ್ಲ."

"ಹೌ. ಮತ್ತ ಇವತ್ತ ಮುಂಜಾನಿ ನಿನ್ನ ತೂಕ ಏನು ಮಾಡ್ತು? ಒಲಿ ಆರಿದ ಮನಿ ಬಾಗಲಾ ಮುರಿಯೂಹಂಗ ಬಡದದ." ಆಮೇಲೆ ದನಿ ಇಳಿಸಿ ಹೇಳಿದರು. "ಒಲಿ ಆರ್ಯದ ಅಂತ ಗೊತ್ತಾದ್ರ ಆ ಕಡಿ ಹೋಗೂದು ಬಿಡಬೇಕು. ನಿನ್ನ ಮನ್ಯಾಗ ನಿನ್ನಿ ರೊಟ್ಟಿ ಇದ್ರ ಅದನ್ನ ಹಚ್ಚಿಕೊಡು, ನಡೀತದ. ಮೂರು ದಿನ ಆದಮ್ಯಾಲ ಓಣ್ಯಾಗಿಂದ ಒಬ್ಬಾಕಿ ಹೋಗಿ ನೋಡ್ತಾಳ, ಹೊಗಿ ಬರಾಕತ್ತದೇನು ಅಂತ. ಒಬ್ಬಾಕಿ ಬೇ, ಓಣಿಮಂದಿ ಎಲ್ಲಾ ಅಲ್ಲ. ಅಕಿ ಬಂದು, ಹೌ, ಹಚ್ಚ್ಯಾರ ಅಂದ್ರ ಉಳಿದವರು ಹೋಗ್ರಿ."

ಅದೇ ನಮ್ಮ ನಿಯಮವಾಯಿತು. ಇದಕ್ಕೂ ಪುಸ್ತಕದಲ್ಲಿ ಒಂದು ಹೆಸರಿದೆ. ನಮ್ಮ ಕೋಡಿನಲ್ಲಿ ಅದರ ಹೆಸರು "ಒಲಿ". ಹೈದರಾಬಾದಿನವರು ಇದೇನು ಅಂತ ಕೇಳಿ ಕೇಳಿ ಸಾಕಾಗಿ ಬಿಟ್ಟರು.

ನಿನ್ನಿ ರೊಟ್ಟಿಯ ಮಾತಿಗೆ ಮಾತ್ರ ದೊಡ್ಡ ಜಗಳವೇ ಆಯಿತು. ದರದ ಸರ್ವಿಸು ಬಿದ್ದರೆ ನಿನ್ನೆಯ ದರ ತೋರಿಸೋಣ ಅಂತ ಎಲ್ಲರೂ ಒಪ್ಪಿದರು. ಅದು ನಿನ್ನೆಯದು ಅಂತ ರೈತರಿಗೆ ಹೇಳಬೇಕು ಅಂದರು ಆಪಾ. ಹೇಳುವುದು ಬೇಡ, ಕಂಪನಿಯ ಹೆಸರು ಕೆಡುತ್ತದೆ ಅಂದರು ಸಾಹೇಬರು. ಸ್ಪೀಕರಿನಲ್ಲಿ ಹಾಕಿದ ಫೋನಿನ ಮುಂದೆ ಆಪಾ ಹೀಗೆ ಕೂತಿದ್ದರು, ಹೆಬ್ಬೆರಳನ್ನು ಮೇಜಿಗೆ ಒತ್ತಿ. "ತಂಗಳ ಕೊಡೂದು ತಪ್ಪಲ್ರಿ ಸಾಬ್. ತಂಗಳನ್ನ ಬಿಸೀದು ಅಂತ ಹೇಳಿ ಕೊಡೂದು ತಪ್ಪು. ಆ ದರ ನೋಡಿ ಒಬ್ಬಾಂವ ಚೀಲಾ ಮಾರಿಬಿಟ್ಟ ಅಂದ್ರ ಹೊಳ್ಳಿ ಕೊಡಸ್ತೀರೇನು?"

ಕಡೆಗೆ ಸಾಹೇಬರು ಒಪ್ಪಿ, ತಾತ್ಕಾಲಿಕ ವ್ಯತ್ಯಯ, ವಿಷಾದಿಸುತ್ತೇವೆ ಅಂತ ಏನೋ ಒಂದು ಉದ್ದನೆಯ ವಾಕ್ಯ ಬರೆಸಿ ಕಳಿಸಿದರು. ಆಪಾ ಅದನ್ನು ಓದಿ, "ಇದನ್ನ ಓದೂದ್ರಾಗ ಹರಾಜು ಮುಗೀತದ," ಅಂತ ಅಳಿಸಿ ಹಾಕಿದರು. ತಾವೇ ಬರೆದರು, ಓಣಿಯಲ್ಲಿ ನಿಂತು ಯಾರಿಗೋ ಹೇಳಿದಂತೆ: "ಇದು ನಿನ್ನಿ ದರ ಅದರಿ. ಇವತ್ತಿಂದು ಇನ್ನಾ ಬಂದಿಲ್ಲ. ಜರಾ ತಡೀರಿ, ಬಂದ ಕೂಡ್ಲೇ ನಾವೇ ಹೇಳ್ತೇವಿ." ಬಂದ ಕೂಡಲೇ ಹೇಳುವ ಕೆಲಸವನ್ನು ಸುದ್ದಿಯ ಸರ್ವಿಸಿಗೆ ಕಟ್ಟಿದರು. ಹೇಳ್ತೇವಿ ಅಂದ ಮೇಲೆ ಹೇಳಲೇಬೇಕು, ಯಾರಿಗೆ ಹೇಳಿದ್ದೇವೋ ಅವರಿಗೆಲ್ಲ. ಅಲ್ಲಿ ಯಾವ ರಿಯಾಯಿತಿಯೂ ಇರಲಿಲ್ಲ.

ಅಮಾವಾಸ್ಯೆಗೆ ಗಂಜು ಬಂದ್. ವ್ಯಾಪಾರಿಗಳು ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗುತ್ತಿದ್ದರು, ಆಪಾ ನಮ್ಮ ಪ್ರಾಣ ತಿನ್ನುತ್ತಿದ್ದರು. ಕೂತಲ್ಲಿಂದ ಎದ್ದು, "ಇವತ್ತ ಯಾರ ಮನಿ ಒಲಿ ಆರಸಲಿ?" ಅಂತ ಎಲ್ಲರ ಮುಖ ನೋಡಿ, ಯಾವುದೋ ಒಂದು ಸರ್ವಿಸನ್ನು ತಾವೇ ಕೆಡವಿಬಿಡುವವರು. ಚಂದ ಓಡುತ್ತಿರುವುದನ್ನು! ಉಳಿದವು ಅದಿಲ್ಲದೆ ನಡೆಯಬೇಕು, ನಡೆಯದಿದ್ದರೆ ನಾವು ಮನೆಗೆ ಹೋಗುವಂತಿಲ್ಲ. ನಮ್ಮ ಅತ್ತೆಗೆ ಇದು ಗೊತ್ತಾಗಿ, "ಅಮಾಸಿ ದಿನಾ ಯಾರರ ಕೈಯಾರೆ ಕೆಡಸ್ತಾರೇನು? ನಿಮ್ಮ ಆಪಾಗ ತಲಿ ನೆಟ್ಟಗ ಅದ ಇಲ್ಲ?" ಅಂದಿದ್ದರು. ಹೋಗಿ ಆಪಾಗೆ ಹೇಳಿದೆ. "ನಿಮ್ಮ ಅತ್ತಿಗೆ ನಂದು ಸಲಾಮ್ ಹೇಳು. ಇವತ್ತ ನಾ ಕೆಡಸಿದ್ರ ಸುಗ್ಗ್ಯಾಗ ತಾನಾಗೇ ಕೆಡಂಗಿಲ್ಲ ಅಂತ ಹೇಳು," ಅಂದರು. ಅತ್ತೆ ಒಪ್ಪಲಿಲ್ಲ. ಆದರೆ ಮುಂದಿನ ಅಮಾವಾಸ್ಯೆಗೆ ಆಪಾಗೆಂದು ಹೋಳಿಗೆ ಕಟ್ಟಿಕೊಟ್ಟರು.

ಕಡೆಯ ಸುಗ್ಗಿಗೆ ಮುಂಚೆ ಸಾಹೇಬರು ಬಂದರು. ಕೆಟ್ಟ ಮನುಷ್ಯ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಮೇಲೂ ಯಾರೋ ಇದ್ದರು. ಈ ಸುಗ್ಗಿ ಒಮ್ಮೆಯೂ ಬೀಳದೆ ನಡೆಸಿ ತೋರಿಸಿದರೆ ಆಳಂದದ ಆಫೀಸು ಇರುತ್ತದೆ, ಬಿದ್ದರೆ ಎಲ್ಲ ಹೈದರಾಬಾದಿಗೆ, ಇದು ಮೇಲಿನವರ ಮಾತು ಅಂದರು. ಆಪಾ ಬೆರಳು ನೋಡಿಕೊಂಡರು. "ಬೀಳಂಗಿಲ್ರಿ," ಅಂದರು.

ಬೀಳಲಿಲ್ಲ. ಆ ಸುಗ್ಗಿಯಷ್ಟು ಮಾಲು ಹಿಂದೆಂದೂ ಬಂದಿರಲಿಲ್ಲ, ಆದರೂ ಬೀಳಲಿಲ್ಲ. ಒಂದು ಮುಂಜಾನೆ ದರದ ಸರ್ವಿಸು ಮಲಗಿಯೇಬಿಟ್ಟಿತು. ನಾವು ಕೈ ಹಚ್ಚುವ ಮೊದಲೇ ಉಳಿದವೆಲ್ಲ ಬಾಗಿಲು ಬಡಿಯುವುದು ಬಿಟ್ಟವು. ನಿನ್ನಿ ದರ ಅಂತ ಸುದ್ದಿ ಹೋಯಿತು. ತೂಕ ನಡೆಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಒಬ್ಬಾಕೆ ಹೋಗಿ ನೋಡಿದಳು, ಹೊಗೆ ಬರುತ್ತಿತ್ತು, ಉಳಿದವರೂ ಹೋದರು. ಗಂಜಿನಿಂದ ಒಂದು ಫೋನೂ ಬರಲಿಲ್ಲ. ಆ ಹೊತ್ತಿನ ಆಪಾನ ಮುಖ ನೀವು ನೋಡಬೇಕಿತ್ತು. ಜಿಲೇಬಿ ತರಿಸಿದರು. ತಮಗೆ ಸಕ್ಕರೆ ಕಾಯಿಲೆ ಇರುವುದನ್ನು ಮರೆತು ತಾವೂ ತಿಂದರು, ನಾವು ಬೇಡ ಬೇಡ ಅಂದರೂ.

ಅದೇ ವಾರ ಜೇವರ್ಗಿಯವನು ಒಂದು ಸುದ್ದಿ ತಂದ. ಹೆಡ್ ಆಫೀಸಿನಲ್ಲಿ ಅವನ ಗೆಳೆಯನಿದ್ದ. ತಾನಾಗೇ ನಡೆಯುವುದಕ್ಕೆ ಆಳಂದದಲ್ಲಿ ಇಷ್ಟು ಮಂದಿ ಯಾಕೆ ಅಂತ ಮೇಲಿನವರು ಕೇಳುತ್ತಿದ್ದಾರಂತೆ. ಜೇವರ್ಗಿಯವನು ಆಪಾನ ಹತ್ತಿರ ಹೋಗಿ ಮೆಲ್ಲಗೆ ಹೇಳಿದ.

"ಆಪಾ, ಒಂದು ಮುಂಜಾನಿ ಬಿದ್ರ ಬೀಳ್ಲಿ ಬಿಡ್ರಿ. ಬರೇ ಒಂದು ತಾಸು. ನಾವೇ ಎಬ್ಬಸೋಣ. ನಮ್ಮ ಕಿಮ್ಮತ್ತು ಏನಂತ ಅವರಿಗೂ ಗೊತ್ತಾಗ್ಲಿ."

ಖರೆ ಹೇಳಬೇಕೆಂದರೆ ಆಪಾ "ಹೌ" ಅನ್ನಲಿ ಅಂತ ನಮಗೆಲ್ಲ ಇತ್ತು. ನಮಗೆ ಹೋಗಲು ಬೇರೆ ಎಲ್ಲಿ ಜಾಗವಿತ್ತು? ಆಪಾ ಕಿಟಕಿಯ ಹತ್ತಿರ ಹೋದರು. ಕೆಳಗೆ ಒಂದು ಟಂಟಂ ಆಟೋ ಗಂಜಿನ ಕಡೆ ಹೊರಟಿತ್ತು, ಚೀಲಗಳ ಮೇಲೆ ಒಬ್ಬ ಹೆಂಗಸು ಸೆರಗು ಬಾಯಿಗೆ ಹಿಡಿದು ಕೂತಿದ್ದಳು.

"ಲೇ ತಮ್ಮಾ, ಅಕಿನ್ನ ಬಿಸಲಾಗ ಒಂದು ತಾಸು ನಿಂದ್ರಿಸಿ ಸಾಹೇಬ್ರಿಗೆ ನಮ್ಮ ಕಿಮ್ಮತ್ತು ತೋರಸೂದೇನು? ಹಂಗ ಉಳಿದ ಆಫೀಸಿನ್ಯಾಗ ನಾ ಕುಂದ್ರಂಗಿಲ್ಲಪಾ. ನೀವು ಕುಂದ್ರಬೇಕಂದ್ರ ಕುಂದ್ರಿ."

ಯಾರೂ ಮತ್ತೆ ಆ ಮಾತು ಎತ್ತಲಿಲ್ಲ. ನನಗೆ ಆಪಾನ ಮೇಲೆ ಭಕ್ತಿ ಉಕ್ಕಿತು ಅಂತ ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂದಿತ್ತು. ಇವರಿಗೇನು, ಹೈದರಾಬಾದ್ ನೋಡಿ ಬಂದವರು, ನಾನು ಎಲ್ಲಿಗೆ ಹೋಗಲಿ ಅಂತ ರೊಟ್ಟಿ ಬಡಿಯುತ್ತಾ ಬೈದುಕೊಂಡೆ.

ಸುಗ್ಗಿ ಮುಗಿದ ಮೇಲೆ ಸಾಹೇಬರು ಮತ್ತೆ ಬಂದರು. ನಮ್ಮ ಜೊತೆ ಕೂತು ಕಡಕ್ ರೊಟ್ಟಿ, ಪುಂಡಿ ಪಲ್ಯ ಉಂಡರು. ಇಂಥ ಕೆಲಸ ನನ್ನ ಜನ್ಮದಲ್ಲಿ ನೋಡಿಲ್ಲ ಅಂದರು. ಕೈ ತೊಳೆದು ಬಂದು, ತಲೆ ತಗ್ಗಿಸಿ, ಮಿಲ್ಲಿನ ಸಾವಕಾರರ ಆ ಹಳೆಯ ಪ್ರಶ್ನೆಯನ್ನೇ ಕೇಳಿದರು. ಯಂತ್ರಗಳು ಮುಂಬೈಯಲ್ಲಿ, ಹೆಡ್ ಆಫೀ­ಸು ಹೈದರಾಬಾದಿನಲ್ಲಿ, ಇಲ್ಲಿ ಆಫೀಸು ಯಾಕೆ ಅಂತ ಮೇಲಿನವರು ಕೇಳುತ್ತಾರೆ ಆಪಾ, ನಾನೇನು ಹೇಳಲಿ ಅಂದರು.

"ತೊಗರಿ ಇಲ್ಲಿ ಅದರಿ," ಅಂದರು ಆಪಾ. ಈ ಸಲ ಯಾರೂ ನಗಲಿಲ್ಲ.

"ಬೀಳದಿದ್ರ ಇರ್ತದ ಅಂದಿದ್ರಿ ಸಾಬ್."

"ಅಂದಿದ್ದೆ," ಅಂದರು ಸಾಹೇಬರು. "ಇಷ್ಟು ಚಂದ ನಡೀತದ ಅಂತ ಅವರಿಗೆ ಗೊತ್ತಿರಲಿಲ್ಲ."

ಯುಗಾದಿಗೆ ಮುಂಚೆ ಆಫೀಸು ಮುಚ್ಚಿತು. ಜೇವರ್ಗಿಯವನು ಹೈದರಾಬಾದಿಗೆ ಹೋದ. ಹೆಂಗಸರಲ್ಲಿ ಯಾರಿಗೂ ಹೋಗಲಾಗಲಿಲ್ಲ. ಆಪಾನನ್ನು ಕರೆದರಂತೆ, ದೊಡ್ಡ ಹುದ್ದೆಗೆ. ಹೋಗಲಿಲ್ಲ. ಹೆಡ್ ಆಫೀಸಿನಲ್ಲಿ ಇಬ್ಬರು ಬೇರೆ ಕೆಲಸ ಮಾಡುತ್ತಾ ನಡುನಡುವೆ ಇದನ್ನೂ ನೋಡಿಕೊಂಡರು. ಅಷ್ಟು ಸಾಕಾಯಿತು. ಆಪಾ ಹಾಗೆ ಕಟ್ಟಿದ್ದರು.

ಈದಿಗೆ ಶೀರ್‌ಖುರ್ಮಾ ಕುಡಿಯಲು ಅವರ ಮನೆಗೆ ಹೋದೆ. ಅಣ್ಣನ ಮನೆಯಲ್ಲಿದ್ದರು. ಬಟ್ಟಲು ಕೊಡುವಾಗ ಕಣ್ಣು ತಾನಾಗೇ ಆ ಉಗುರಿನ ಮೇಲೆ ಹೋಯಿತು. ಪೂರಾ ಬಿಳಿ.

"ಯಾಕ್ರಿ ಆಪಾ, ಮೆಹಂದಿ?"

"ಈ ಸಲ ಹಚ್ಚಲಿಲ್ಲ ಬೇ. ಎಣಸೂದರ ಏನದ ಇನ್ನ?"

ನನಗೆ ತಡೆಯಲಾಗಲಿಲ್ಲ. ಕೇಳಬಾರದ್ದನ್ನು ಕೇಳಿದೆ. "ಅಷ್ಟು ಚಂದ ಯಾಕ ಮಾಡಿದ್ರಿ ಆಪಾ? ಜರಾ ಸುಮಾರು ಮಾಡಿದ್ರ ನಾವೆಲ್ಲಾ ಇವತ್ತ ಅಲ್ಲೇ ಇರ್ತಿದ್ದೆವು."

ಅವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. ತಮ್ಮ ಕೈ ನೋಡಿಕೊಂಡರು. "ಎಲ್ಲಾ ಮನಿಗೂ ನಿಯಮ ಬರದೆ ತಂಗಿ, ಒಲಿ ಆರಿದ್ರ ಏನು ಮಾಡಬೇಕು ಅಂತ. ತೂಕಕ್ಕ ಬರದೆ, ದರಕ್ಕ ಬರದೆ, ಲಾರಿಗೆ ಬರದೆ. ನಮಗ ಒಂದು ಬರೀಬೇಕಿತ್ತು. ಅದೇ ತಲ್ಯಾಗ ಬರ್ಲಿಲ್ಲ ನೋಡು," ಅಂದರು. ನಾನು ಬಟ್ಟಲು ಕೆಳಗಿಟ್ಟೆ.

ಸಕ್ಕರೆ ಕಾಯಿಲೆ ಕಿಡ್ನಿಗೆ ಹೋಗಿತ್ತು. ಕಲಬುರಗಿಗೆ ಹೋಗಿ ಬಂದು ಮಾಡಿದರು. ಶ್ರಾವಣದಲ್ಲಿ, ಹೊಲಗಳಲ್ಲಿ ತೊಗರಿ ಮೊಣಕಾಲುದ್ದ ಇದ್ದಾಗ, ಆಪಾ ಹೋಗಿಬಿಟ್ಟರು. ಮುಖ ನೋಡಿ ಬಂದೆ. ಕೈ ಬಟ್ಟೆಯೊಳಗಿತ್ತು.

ಅವರ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮೊದಲ ದಿನ ನಾನು ಖಿಚಡಿ ಮಾಡಿ ಒಯ್ದೆ. ಮರುದಿನ ಮುಂಜಾನೆ ಖಾಲಿ ಪಾತ್ರೆ ತರಲು ಹೋದರೆ ನಮ್ಮ ರೊಕ್ಕದ ಸರ್ವಿಸು ನೋಡುತ್ತಿದ್ದಾಕೆ ಪಾತ್ರೆ ಇಟ್ಟು ಹೊರಗೆ ಬರುತ್ತಿದ್ದಳು. ಸಂಜೆ ಲಾರಿಯ ಸರ್ವಿಸಿನಾಕೆ ಬಂದಿದ್ದಳಂತೆ. ಅದರ ಮರುದಿನ ಸುದ್ದಿಯ ಸರ್ವಿಸಿನಾಕೆ. ಯಾರೂ ಯಾರಿಗೂ ಫೋನ್ ಮಾಡಿರಲಿಲ್ಲ, ಪಾಳಿ ಹಚ್ಚಿರಲಿಲ್ಲ. ಆದರೂ ಇಬ್ಬರ ಊಟ ಒಂದೇ ಹೊತ್ತಿಗೆ ಬರಲಿಲ್ಲ, ಒಂದು ಹೊತ್ತೂ ತಪ್ಪಲಿಲ್ಲ. ಮೂರು ದಿನ ಆದ ಮೇಲೆ ನಾನೊಬ್ಬಳೇ ಹೋಗಿ ಓಣಿಯ ತಿರುವಿನಲ್ಲಿ ನಿಂತು ನೋಡಿದೆ. ಅಡುಗೆಮನೆಯ ಕಡೆ ಸದ್ದಿತ್ತು. ಭಾಬಿ, ಅಂದರೆ ಆಪಾನ ಅಣ್ಣನ ಹೆಂಡತಿ, ಒಲೆ ಹಚ್ಚಿದ್ದರು. ಉಳಿದವರಿಗೆ ಹೇಳಿದೆ.

ನಾನು ಈಗ ಇಲ್ಲೇ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಈ ಸುಗ್ಗಿಯಲ್ಲಿ ನಮ್ಮ ಮನೆಯ ತೊಗರಿಯೂ ರಾಶಿಯಾಯಿತು. ಮೊನ್ನೆ ಮುಂಜಾನೆ ಅತ್ತೆ ಕಟ್ಟೆಯ ಮೇಲೆ ಕೂತು ಫೋನು ಕಣ್ಣಿನಿಂದ ದೂರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ.

"ಇದು... ನಿನ್ನಿ... ದರ ಅದರಿ. ಇವತ್ತಿಂದು... ಇನ್ನಾ ಬಂದಿಲ್ಲ. ಜರಾ ತಡೀರಿ..."

ನನ್ನ ಕೈ ನಿಂತಿತು. ಹೈದರಾಬಾದಿನವರು ಬಣ್ಣ ಬದಲಿಸಿದ್ದಾರೆ, ಕಂಪನಿಯ ಚಿಹ್ನೆ ಬದಲಿಸಿದ್ದಾರೆ. ಈ ವಾಕ್ಯವನ್ನು ಯಾರೂ ಮುಟ್ಟಿಲ್ಲ.

"ಎಷ್ಟ್ ಚಂದ ಹೇಳ್ಯಾಳ ನೋಡ್ ಬೇ," ಅಂದರು ಅತ್ತೆ. "ಯಾರೋ ನಮ್ಮ ಕಡಿ ಹೆಣ್ಮಗಳು."

"ಆಪಾ ಬರದದ್ರಿ ಅತ್ತಿ, ಅದು."

ಅತ್ತೆ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗು ಸರಿಮಾಡಿಕೊಂಡು, ಗಂಜಿಗೆ ಹೊರಟಿದ್ದ ಗಾಡಿಯವನಿಗೆ ನಿಲ್ಲು ಅಂತ ಕೈ ಮಾಡಿದರು. ಕಾದರು. ನಾನೂ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತೆ. ಸ್ವಲ್ಪ ಹೊತ್ತಿಗೆ ಫೋನು ಸದ್ದು ಮಾಡಿತು. ಇವತ್ತಿನ ದರ.

"ನಾವೇ ಹೇಳ್ತೇವಿ ಅಂದಿದ್ಲು," ಅಂದರು ಅತ್ತೆ, ನನ್ನ ಕಡೆ ನೋಡದೆ. "ಹೇಳಿದ್ಲು ನೋಡು."